ಕಾಣದ ಮೊಲದ ನಾಟಕ

ರಂಗದ ಮೇಲೆ ಬಾಗಿಲು ತಾನಾಗಿ ತೆರೆದು ಮುಚ್ಚಿಕೊಳ್ಳುತ್ತದೆ. ಯಾರೂ ಕಾಣುವುದಿಲ್ಲ, ಆದರೂ ಆರಡಿ ಒಂದೂವರೆ ಇಂಚಿನ ಮೊಲ ಒಳಬಂತೆಂದು ಪ್ರೇಕ್ಷಕರಿಗೆಲ್ಲ ಗೊತ್ತು! ಡೆನ್ವರ್‌ನ ಮೇರಿ ಚೇಸ್ ಬರೆದ ‘ಹಾರ್ವಿ’ ನಾಟಕದ ಈ ಕೈಚಳಕಕ್ಕೆ ನಾನು ಮಾರುಹೋಗಿದ್ದೇನೆ. ಮೊಲವನ್ನು ಕಾಣುವ ನಾಯಕ ಎಲ್ವುಡ್‌ನ ಪಾತ್ರಧಾರಿ ಅದಕ್ಕೆ ಕುರ್ಚಿ ತೋರಿಸಬೇಕು, ದಾರಿ ಬಿಡಬೇಕು, ಪ್ರತಿಸಲವೂ ಅದೇ ಎತ್ತರಕ್ಕೆ ಕಣ್ಣೆತ್ತಬೇಕು. ನೋಟ ಒಂದು ಗೇಣು ತಪ್ಪಿದರೂ ಮೊಲ ಮಾಯ.

1944ರ ನವೆಂಬರ್ 1ರಂದು ಬ್ರಾಡ್‌ವೇಗೆ ಬಂದ ನಾಟಕ 1,775 ಪ್ರಯೋಗ ಕಂಡಿತು, ಪುಲಿಟ್ಜರ್ ಗಳಿಸಿತು. ನಿರ್ದೇಶಕಿ ಆಂಟನೆಟ್ ಪೆರ್ರಿ. ಟೋನಿ ಪ್ರಶಸ್ತಿ ಇರುವುದು ಅವರ ಹೆಸರಿನಲ್ಲೇ.

ನನಗೆ ಬಲು ಇಷ್ಟ ಚಿಲ್ಲರೆ ಪರ್ಸಿನ ಪ್ರಸಂಗ. ಎಲ್ವುಡ್‌ಗೆ ಮೊಲ ಕಾಣದಂತೆ ಇಂಜೆಕ್ಷನ್ ಕೊಡಿಸಲು ಹೊರಟ ಸೋದರಿ ವೀಟಾಗೆ ಟ್ಯಾಕ್ಸಿಯವನ ಬಾಡಿಗೆ ಕೊಡಲು ಪರ್ಸೇ ಸಿಗದು. ಅಷ್ಟರಲ್ಲಿ ಟ್ಯಾಕ್ಸಿಯವನು, ಆ ಸೂಜಿ ಚುಚ್ಚಿಸಿಕೊಂಡವರೆಲ್ಲ ಸಿಡುಕರಾಗಿ ಮರಳುತ್ತಾರೆ ಎನ್ನುತ್ತಾನೆ. ವೀಟಾ ಇಂಜೆಕ್ಷನ್ ತಡೆಯುತ್ತಾಳೆ. ಆಮೇಲೆ ನೋಡಿದರೆ ಪರ್ಸ್ ಅವಳ ಬಳಿಯೇ ಇದೆ! ಇಷ್ಟು ಪುಟ್ಟ ವಸ್ತುವಿನಿಂದ ಇಡೀ ಕಥೆಯನ್ನು ತಿರುಗಿಸುವುದು ಅಪ್ಪಟ ನಾಟಕಕಾರ್ತಿಗೆ ಮಾತ್ರ ಸಾಧ್ಯ.

ಬ್ರಾಡ್‌ವೇಯ ವೀಟಾ, ಜೋಸೆಫಿನ್ ಹಲ್, 1950ರ ಚಿತ್ರದಲ್ಲೂ ಅದೇ ಪಾತ್ರ ಮಾಡಿ ಆಸ್ಕರ್ ಗೆದ್ದರು. ಜೇಮ್ಸ್ ಸ್ಟುವರ್ಟ್ ಅಲ್ಲಿ ಎಲ್ವುಡ್. ದಯವಿಟ್ಟು ಒಮ್ಮೆ ನೋಡಿ.