ಕೊಳದ ಕಲೆ ಓದುವ ಜಾಣ್ಮೆ

ಗುಂಡ್ಲುಪೇಟೆಯಿಂದ ಬಂಡೀಪುರದತ್ತ ಸಾಗಿದರೆ ಸಿಗುವ ರೆಸಾರ್ಟುಗಳ ಈಜುಕೊಳಗಳಲ್ಲಿ, ಗೋಡೆಯ ಕಲೆ ಓದಿ ಕಾರಣ ಹೇಳಬಲ್ಲವರ ಜಾಣ್ಮೆ ದೊಡ್ಡದು.

ಉಪ್ಪುನೀರಿನ ಕೊಳದಲ್ಲಿ ಲೀಟರಿಗೆ ಸುಮಾರು 3ರಿಂದ 4 ಗ್ರಾಂ ಉಪ್ಪಿರುತ್ತದೆ. ವಿದ್ಯುತ್ ಹರಿಸಿ ಅದರಿಂದಲೇ ಕ್ಲೋರಿನ್ ತೆಗೆಯುತ್ತಾರೆ. ಜೊತೆಗೆ ಪಿಎಚ್ ಏರುತ್ತದೆ. ಆಗ ಬೋರ್‌ವೆಲ್ ನೀರು ಗಡಸಾಗಿದ್ದರೆ ಗೋಡೆಗೆ ಬಿಳಿ ಸುಣ್ಣದ ಪೊರೆ ಕಟ್ಟುತ್ತದೆ.

ಬಲ್ಲವರು ಮೊದಲು ನೀರು ಪರೀಕ್ಷಿಸುತ್ತಾರೆ, ಆಮೇಲೆ ಗೋಡೆ. ಕಂದು ಕಲೆ ವಿಟಮಿನ್ ಸಿ ಮಾತ್ರೆ ಉಜ್ಜಿದಾಗ ಮಾಸಿದರೆ ಅದು ಕಬ್ಬಿಣದ್ದು, ಕ್ಲೋರಿನ್‌ಗೆ ಮಾಸಿದರೆ ಬಿದ್ದ ಎಲೆಯದ್ದು. ನೀಲಿ-ಹಸಿರು ಛಾಯೆ ಸಾಮಾನ್ಯವಾಗಿ ತಾಮ್ರದ ಗುರುತು. ಗಾರೆ ಸವೆದು ಒರಟಾಗಿದ್ದರೆ ನೀರಿನ ಆಮ್ಲೀಯತೆಯನ್ನು ಶಂಕಿಸುತ್ತಾರೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆಯ ಪದರ ಗೋಡೆಯನ್ನು ಬಿಟ್ಟಿದೆ ಎಂದರ್ಥ.

ಕೊಳವಿರುವವರೇ, ಕಲೆ ತೆಗೆಯಲು ಆಸಿಡ್ ಸುರಿಯುವ ಮುನ್ನ ಇಂಥವರನ್ನು ಕರೆಸಿ.