ಭೀಮಣ್ಣನ ಎರಡು ವಿಠ್ಠಲ

ತಿಂಗಳಿಗೊಂದು ಭಾನುವಾರ ಉದಗೀರದಿಂದ ಒಬ್ಬರು, ನಿಲಂಗಾದಿಂದ ಒಬ್ಬರು ಎಸ್.ಟಿ. ಹತ್ತಿ ಉಮರ್ಗಾದ ನಮ್ಮ ಮನೆಗೆ ಬರುತ್ತಾರೆ. ಇಬ್ಬರ ಹೆಗಲಲ್ಲೂ ಬಟ್ಟೆಚೀಲ, ಚೀಲದಲ್ಲಿ ಹಳೆ ಸೀರೆ ಸುತ್ತಿದ ತಬಕಡಿ. ಗ್ರಾಮೊಫೋನ್ ತಟ್ಟೆಗೆ ನಮ್ಮ ಕಡೆ ಹೇಳುವುದು ಹಾಗೆ. ಮರಾಠಿಯಿಂದ ಬಂದ ಮಾತು ನಮ್ಮ ಕನ್ನಡದಲ್ಲಿ ಬೇರುಬಿಟ್ಟಿದೆ. ಕಿಟಕಿಯ ಬಿಸಿಲಿಗೆ ಎಲ್‌ಪಿ ಸೊಟ್ಟಗಾದೀತೆಂದು ದಾರಿಯುದ್ದಕ್ಕೂ ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡೇ ಬರುತ್ತಾರೆ. ನೀರು ಕುಡಿಯುವ ಮೊದಲೇ ಪ್ರಶ್ನೆ: "ಕಾಕಾ, ಮೊದಲ ಯಾವುದು ಹಚ್ಚೋಣ್ರಿ?"

ಕಳೆದ ಸಲ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿಯಿಂದ ಸುರುವಾಯಿತು. ಅದು ಮಿನಿಟಿಗೆ 78 ಸುತ್ತು ತಿರುಗುವ ತಬಕಡಿ. ಚಾವಿ ಕೊಟ್ಟು, ಹೊಸ ಮುಳ್ಳು ಹಾಕಿದೆವು. ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಒಂದೇ. ಅದರಲ್ಲಿ ಕೈ ಹಿಡಿತ ಮಾಡಿದರೆ ತಬಕಡಿಯ ಗೆರೆಗಳು ಸವೆದುಹೋಗುತ್ತವೆ. ಮೊದಲು ಬಂದದ್ದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು, ಅದರೊಳಗಿಂದ ಆ ಸಣ್ಣ, ಎದೆ ಕೊರೆಯುವ ದನಿ. ಮೂರು ಮಿನಿಟು ಚಿಲ್ಲರೆಯಲ್ಲಿ ಮುಗಿದೂ ಹೋಯಿತು. ಮೂವರೂ ಸುಮ್ಮನೆ ಕೂತಿದ್ದೆವು. ಗದಗಿನ ಹುಡುಗ ಭೀಮಸೇನ ಜೋಶಿಯ, ನಮ್ಮ ಭೀಮಣ್ಣನ, ಕಿವಿಗೆ ಅಂಗಡಿಯೊಂದರಲ್ಲಿ ಬಿದ್ದದ್ದು ಈ ಠುಮರಿಯೇ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಅವನು ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಊರೂರು ಅಲೆದು ಕಡೆಗೆ ನೆಲೆ ಕಂಡದ್ದು ಕುಂದಗೋಳದಲ್ಲಿ, ಖಾನರ ಶಿಷ್ಯ ಸವಾಯಿ ಗಂಧರ್ವರ ಮನೆಯಲ್ಲಿ. ಆ ತಬಕಡಿ ಹುಡುಗನದಲ್ಲ, ಅಂಗಡಿಯವನದು. ಯಾರೋ ಹಚ್ಚಿದ್ದು ಇನ್ಯಾರದೋ ಬಾಳನ್ನೇ ತಿರುಗಿಸಿತು. ತಬಕಡಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುವುದು ಅದಕ್ಕೇ.

ಆಮೇಲೆ ಭೀಮಣ್ಣನೇ. ನಿಲಂಗಾದವರು ಸಂತವಾಣಿ ತಂದಿದ್ದರು, ನನ್ನ ಹತ್ತಿರ ದಾಸವಾಣಿ ಇತ್ತು. ಒಂದರ ಹಿಂದೆ ಒಂದು ಹಚ್ಚಿ ಕೇಳಿ ನೋಡಿ. ಪುರಂದರದಾಸರ ಅಂಕಿತದಲ್ಲಿ ವಿಠಲ ಹಗುರಾಗಿ ಇಳಿದು ಷಡ್ಜದ ಮಡಿಲಲ್ಲಿ ಕೂಡುತ್ತಾನೆ. ನಾಮದೇವ, ತುಕಾರಾಮರ ಅಭಂಗದಲ್ಲಿ ಆ ಠಕಾರಕ್ಕೆ ಒತ್ತು ಬಿದ್ದು, ತಾಳದ ಪೆಟ್ಟಿನ ಜೊತೆ ವಿಠ್ಠಲ ಎದ್ದು ನಿಲ್ಲುತ್ತಾನೆ. ಕಂಠ ಒಂದೇ, ದೇವರೂ ಒಬ್ಬನೇ. ನನ್ನ ಕಿವಿಗೆ ಬೀಳದ ಈ ಒತ್ತಕ್ಷರವನ್ನು ಹಿಡಿದುಕೊಟ್ಟವರು ಮನೆಮಾತು ಮರಾಠಿಯಾಗಿರುವ ನಿಲಂಗಾದ ಗೆಳೆಯರು. ಅಜ್ಜಿ ಕನ್ನಡದಲ್ಲಿ ಕರೆದರೆ ಮೊಮ್ಮಗ ಮರಾಠಿಯಲ್ಲಿ ಓಗೊಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಮನೆಯಲ್ಲಿ ಈ ಎರಡೂ ತಬಕಡಿಗಳು ಇರಲೇಬೇಕು.

ಜಾಝ್ ತಂದವರು ಉದಗೀರದವರು. ಅವರು ಭಜನಿ ಮಂಡಳಿಯಲ್ಲಿ ಪಖವಾಜ್ ನುಡಿಸುವವರು, ಆದ್ದರಿಂದ ನನಗೆ ಅಚ್ಚರಿಯಾಯಿತು. ತಬಕಡಿಯ ಹೆಸರು 'ಜ್ಯೋತಿ', ಇಸಿಎಂ ಕಂಪನಿ 1983ರಲ್ಲಿ ಹೊರತಂದದ್ದು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್: ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ. ಕೊನೆಯ ತುಣುಕಿನ ಹೆಸರೇ 'ಭಜನ್'. ಗೆಳೆಯರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳೆಣಿಸುತ್ತಿದ್ದರು. ಲೆಕ್ಕ ತಪ್ಪಿದಾಗ ನಕ್ಕು, "ಇನ್ನೊಮ್ಮೆ ಹಚ್ರಿ" ಅಂದರು. ನಾಲ್ಕು ಸಲ ಹಚ್ಚಿದೆವು. ಜಾಝ್ ತಲೆಗೆ ಹತ್ತುವುದಿಲ್ಲ ಎನ್ನುವ ರಾಗಪ್ರಿಯರು ಇಲ್ಲಿಂದ ಸುರು ಮಾಡಲಿ. ಮುಂದೆ ಮೈಲ್ಸ್ ಡೇವಿಸ್‌ನ 1959ರ 'ಕೈಂಡ್ ಆಫ್ ಬ್ಲೂ'. ಅದರ ಮೊದಲ ತುಣುಕು ನಿಂತಿರುವ ಡೋರಿಯನ್ ಸ್ವರಸಪ್ತಕ ನಮ್ಮ ಕಾಫಿ ಥಾಟೇ.

ಇನ್ನೊಂದು ಮಾತು. 78ರ ತಬಕಡಿಗೆ ಕೈಬೆರಳ ಜಿಡ್ಡು ಹತ್ತಿತೆಂದು ಸ್ಪಿರಿಟ್ ಹಚ್ಚಿ ಒರೆಸಬೇಡಿ. ಅದು ಅರಗಿನದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಹಾಡೂ ಅದರೊಟ್ಟಿಗೆ ಹೋಗುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ.

ನಾವು ಮೂವರೂ ಈಗ ಹುಡುಕುತ್ತಿರುವುದು ಮಲ್ಲಿಕಾರ್ಜುನ ಮನ್ಸೂರರು ಎಚ್‌ಎಂವಿಗೆ 1930ರ ದಶಕದಲ್ಲಿ ಹಾಡಿಕೊಟ್ಟ ತಬಕಡಿಗಳನ್ನು. ಆಳಂದ, ಬಸವಕಲ್ಯಾಣ, ಭಾಲ್ಕಿ ಕಡೆಯ ಹಳೆ ವಾಡೆಗಳ ಅಟ್ಟದ ಮೇಲೆ ಕಬ್ಬಿಣದ ಟ್ರಂಕು ಇದ್ದರೆ ಒಮ್ಮೆ ತೆರೆದು ನೋಡಿ. ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಂದು ಭಾನುವಾರದ ಮಟ್ಟಿಗೆ ನಮಗೆ ಕೊಡಿ. ಕೇಳಿ, ಒರೆಸಿ, ಸೀರೆಯಲ್ಲಿ ಸುತ್ತಿ, ನಾವೇ ಬಂದು ನಿಮ್ಮ ಮನೆಗೆ ಮುಟ್ಟಿಸುತ್ತೇವೆ.