‘ತುಂಬಾ ಚೆನ್ನಾಗಿದೆ’ ಎಂದು ಕೊಂದವರು



ಬರಹಗಾರನೊಬ್ಬನ ಹೆಣ ಈಜುಕೊಳದಲ್ಲಿ ಬೋರಲಾಗಿ ತೇಲುತ್ತಿದೆ. ಆ ಸತ್ತವನೇ ನಮಗೆ ತನ್ನ ಕಥೆ ಹೇಳಲು ತೊಡಗುತ್ತಾನೆ. ಹೆಸರು ಜೋ ಗಿಲ್ಲಿಸ್, ಕಸುಬು ಚಿತ್ರಕಥೆ ಬರೆಯುವುದು. ಸಂಬಳವಿಲ್ಲ, ಯಾವ ಸ್ಟುಡಿಯೋದ ನೆರಳೂ ಇಲ್ಲ. ಬರೆದದ್ದು ಮಾರಾಟವಾದರೆ ಊಟ, ಇಲ್ಲವಾದರೆ ಉಪವಾಸ ಎಂಬಂಥ ಫ್ರೀಲಾನ್ಸ್ ಬದುಕು. ಬಿಲ್ಲಿ ವೈಲ್ಡರ್ ನಿರ್ದೇಶನದ ‘ಸನ್‌ಸೆಟ್ ಬುಲೆವಾರ್ಡ್’ (1950) ಶುರುವಾಗುವುದು ಹೀಗೆ.

ಮೂಕಿಚಿತ್ರಗಳ ಕಾಲದ ತಾರೆ ನಾರ್ಮಾ ಡೆಸ್ಮಂಡಳ ದುರಂತವೆಂದೇ ಈ ಚಿತ್ರ ಪ್ರಸಿದ್ಧ. ಗ್ಲೋರಿಯಾ ಸ್ವಾನ್‌ಸನ್ ಅಭಿನಯ ನೋಡಿದವರಿಗೆ ಹಾಗನ್ನಿಸುವುದು ಸಹಜವೇ. ಆದರೆ ಈಚೆಗೆ ಮತ್ತೊಮ್ಮೆ ನೋಡಿದಾಗ ನಮಗೆ ಕಂಡದ್ದು ಬೇರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ, ಹೇಳಬೇಕಾದ್ದನ್ನು ಹೇಳದೆ ಉಳಿದರೆ ಏನಾಗುತ್ತದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರ ಇನ್ನೊಂದಿಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಎಪ್ಪತ್ತೈದು ವರ್ಷ ಹಳೆಯ ಕಪ್ಪು-ಬಿಳುಪು ಚಿತ್ರವನ್ನು ಈಗೇಕೆ ಎತ್ತಿಕೊಂಡಿರಿ ಅಂತ ಕೇಳಬಹುದು. ಕಾರಣವಿದೆ. ನಮ್ಮ ಬಳಗದಲ್ಲೀಗ ಚಿತ್ರಕಥೆ ಬರೆಯುವವರು ಹೆಚ್ಚುತ್ತಿದ್ದಾರೆ. ಯುಗಾದಿ ನಾಟಕಕ್ಕೆ ಸಂಭಾಷಣೆ ಬರೆಯುತ್ತಿದ್ದವರು ಕಿರುಚಿತ್ರಕ್ಕೆ ಬಡ್ತಿ ಪಡೆದಿದ್ದಾರೆ. ಗೆಳೆಯರೊಬ್ಬರಂತೂ ಕೆಲಸ ಬಿಟ್ಟು ಇದಕ್ಕೇ ಕೂರುವ ಯೋಚನೆಯಲ್ಲಿದ್ದಾರೆ. ಅಮೆರಿಕದಲ್ಲಿ ಕೆಲಸ ಬಿಡುವುದೆಂದರೆ ಸಂಬಳದ ಜತೆಗೆ ಮನೆಮಂದಿಯ ಆರೋಗ್ಯ ವಿಮೆಯನ್ನೂ ಬಿಡುವುದು ಎಂದು ಈ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಧೈರ್ಯಕ್ಕೆ ಆಧಾರವೇನು? ತಿಂಗಳ ಕೂಟದಲ್ಲಿ ಓದಿದ ಮೂವತ್ತು ಪುಟ, ಆಮೇಲೆ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಒಬ್ಬೊಬ್ಬರೂ ಹೇಳಿದ ‘ತುಂಬಾ ಚೆನ್ನಾಗಿದೆ’. ಆ ಎರಡು ಪದಗಳ ಮೇಲೆ ಒಂದು ಸಂಸಾರದ ಭಾರ ಹೇರಬಹುದೇ?

ಚಿತ್ರಕ್ಕೆ ಬರೋಣ. ಜೋ ಗಿಲ್ಲಿಸ್ ಒಹಾಯೋದ ಡೇಟನ್ ಊರಿನ ಪತ್ರಿಕೆಯ ಕೆಲಸ ಬಿಟ್ಟು ಹಾಲಿವುಡ್ಡಿಗೆ ಬಂದವನು. ಕಾರಿನ ಕಂತು ಬಾಕಿ. 290 ಡಾಲರ್ ಕಟ್ಟದಿದ್ದರೆ ಕಾರು ಎತ್ತಿಕೊಂಡು ಹೋಗುತ್ತಾರೆ. ಬೇಸ್‌ಬಾಲ್ ಆಟಗಾರನ ಕಥೆಯೊಂದನ್ನು ಹಿಡಿದು ಪ್ಯಾರಾಮೌಂಟ್ ಸ್ಟುಡಿಯೋದ ನಿರ್ಮಾಪಕ ಶೆಲ್ಡ್ರೇಕ್ ಬಳಿ ಹೋಗುತ್ತಾನೆ. ಅಷ್ಟರಲ್ಲಿ ಕಥಾವಿಭಾಗದ ಹುಡುಗಿ ಬೆಟ್ಟಿ ಶೇಫರ್ ಎರಡು ಪುಟದ ಸಾರಾಂಶ ಹಿಡಿದು ಒಳಗೆ ಬರುತ್ತಾಳೆ. ಬರೆದವನು ಅದೇ ಕೋಣೆಯಲ್ಲಿ ನಿಂತಿದ್ದಾನೆಂದು ಅವಳಿಗೆ ಗೊತ್ತಿಲ್ಲ. ಸಪ್ಪೆ, ಸವಕಲು, ಮೊದಲೇ ಚೆನ್ನಾಗಿಲ್ಲದ್ದನ್ನು ಮತ್ತೆ ಬಿಸಿ ಮಾಡಿ ಬಡಿಸಿದ್ದು ಎಂಬರ್ಥದ ಮಾತನ್ನು ಮುಖಕ್ಕೆ ಹೊಡೆದಂತೆ ಆಡುತ್ತಾಳೆ. ಗೊತ್ತಾದ ಮೇಲೆ ಸಂಕೋಚಪಡುತ್ತಾಳೆ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಹಿಂದಕ್ಕೆ ತೆಗೆದುಕೊಳ್ಳದಿರುವಿಕೆಯೇ ಅವಳ ಘನತೆ.

ಅವಳು ಹೋದ ಮೇಲೆ ಶೆಲ್ಡ್ರೇಕ್ ಕೊಡುವ ಸಲಹೆ ಗಮನಿಸಿ. ಆಟಗಾರರ ಬದಲು ಹುಡುಗಿಯರ ಸಾಫ್ಟ್‌ಬಾಲ್ ತಂಡ ಮಾಡಿ, ನಾಲ್ಕು ಹಾಡು ತುರುಕಿದರೆ ಹೇಗೆ? ಗಾಂಧಿನಗರದ ಕಥೆ ಕೇಳಿಬಲ್ಲವರಿಗೆ ಇದು ಅಪರಿಚಿತವೇನಲ್ಲ! ಬರೆದವನ ಕಥೆ ಏನಾಗಲು ಹೊರಟಿದೆ ಎಂಬುದು ಇವನಿಗೆ ಬೇಕಿಲ್ಲ, ತನ್ನ ತಲೆಯಲ್ಲಿರುವ ಬೇರೊಂದು ಕಥೆಯನ್ನು ಇದರ ಮೇಲೆ ಹೊದಿಸುತ್ತಾನೆ. ಬೆಟ್ಟಿಯ ಕಟುಮಾತಿನಿಂದ ಕಲಿಯುವುದಕ್ಕೆ ಏನಾದರೂ ಇತ್ತು. ಶೆಲ್ಡ್ರೇಕನ ಸಲಹೆಯಿಂದ ಏನೂ ಇಲ್ಲ. ಆದರೂ ಹೊಟ್ಟೆಪಾಡಿನ ಬರಹಗಾರ ಹಲ್ಲುಕಿರಿಯಬೇಕಾದದ್ದು ಶೆಲ್ಡ್ರೇಕನ ಮುಂದೆಯೇ.

ಕಾರು ಹಿಡಿಯಲು ಬಂದವರಿಂದ ತಪ್ಪಿಸಿಕೊಂಡು ಜೋ ನುಗ್ಗುವುದು ನಾರ್ಮಾಳ ಪಾಳು ಬಂಗಲೆಗೆ. ಅವಳು ವರ್ಷಗಟ್ಟಲೆ ಕೂತು ‘ಸಲೋಮಿ’ ಎಂಬ ಚಿತ್ರಕಥೆ ಬರೆದಿದ್ದಾಳೆ, ಕಟ್ಟುಕಟ್ಟು ಹಾಳೆ. ಓದಲು ಕೊಡುತ್ತಾಳೆ. ಕಸ ಎಂದು ಅವನಿಗೆ ಮೊದಲ ಪುಟಗಳಲ್ಲೇ ಗೊತ್ತಾಗುತ್ತದೆ. ಆದರೆ ಬಾಯಲ್ಲಿ ಹೇಳುವುದೇ ಬೇರೆ: ವಸ್ತು ಚೆನ್ನಾಗಿದೆ, ಸ್ವಲ್ಪ ತಿದ್ದಬೇಕು ಅಷ್ಟೇ. ತಿದ್ದುವುದಕ್ಕೆ ಯಾರು? ತಾನೇ! ಕೂಲಿ ವಾರಕ್ಕೆ 500 ಡಾಲರ್ ಎಂದು ಬುರುಡೆ ಬಿಡುತ್ತಾನೆ. ನೋಡಿ, ಅದೇ ದಿನ ಬೆಟ್ಟಿಯ ಮಾತಿಗೆ ಕುದಿದವನೇ ಓದುಗನ ಕುರ್ಚಿಯಲ್ಲಿ ಕೂತ ತಕ್ಷಣ ಸುಳ್ಳು ಹೇಳುತ್ತಿದ್ದಾನೆ. ಅವಳ ದೃಶ್ಯವೊಂದನ್ನು ಕತ್ತರಿಸಿದರೆ ಅವಳು ಸಿಡಿದೇಳುತ್ತಾಳೆ, ಇವನು ಹಾಗೇ ಬಿಡುತ್ತಾನೆ. ವಾರದ ದುಡ್ಡು ಬಂದರಾಯಿತು.

ಈ ಮನೆಯಲ್ಲಿ ಅವನೊಬ್ಬನೇ ಸುಳ್ಳುಗಾರನಲ್ಲ. ಮನೆಯ ಆಳು ಮ್ಯಾಕ್ಸ್ (ಒಂದು ಕಾಲಕ್ಕೆ ಅವಳ ನಿರ್ದೇಶಕನೂ ಮೊದಲ ಗಂಡನೂ ಆಗಿದ್ದವನು!) ಅಭಿಮಾನಿಗಳ ಹೆಸರಲ್ಲಿ ತಾನೇ ಪತ್ರ ಬರೆದು ಅವಳಿಗೆ ತಲುಪಿಸುತ್ತಾನೆ. ಇನ್ನು ಸ್ವತಃ ತನ್ನ ಪಾತ್ರದಲ್ಲೇ ಕಾಣಿಸಿಕೊಂಡ ನಿರ್ದೇಶಕ ಸೆಸಿಲ್ ಬಿ. ಡಿಮಿಲ್. ಸ್ಟುಡಿಯೋದಿಂದ ಫೋನು ಬಂದದ್ದು ಅವಳ ಹಳೆಯ ಕಾರನ್ನು ಬಾಡಿಗೆಗೆ ಕೇಳಲು. ಅವಳು ತನ್ನ ಚಿತ್ರಕಥೆ ಒಪ್ಪಿಗೆಯಾಯಿತೆಂದು ಅಲಂಕರಿಸಿಕೊಂಡು ಬರುತ್ತಾಳೆ. ಡಿಮಿಲ್ ಕೈಹಿಡಿದು ಕೂರಿಸುತ್ತಾನೆ, ಪ್ರೀತಿಯಿಂದ ಮಾತಾಡುತ್ತಾನೆ, ಚಿತ್ರಕಥೆಯ ಬಗ್ಗೆ ನಿಜ ಹೇಳುವುದಿಲ್ಲ. ಮನಸ್ಸು ನೋಯಿಸಬಾರದಲ್ಲ! ಅವಳು ಆಕಾಶದಲ್ಲಿ ತೇಲುತ್ತ ಮನೆಗೆ ಹೋಗುತ್ತಾಳೆ.

ಇಲ್ಲಿ ವೈಲ್ಡರನ ಜಾಣ್ಮೆ ಮೆಚ್ಚಬೇಕು. ಜೋ ಸುಳ್ಳು ಹೇಳುವುದು ದುಡ್ಡಿಗಾಗಿ, ಮ್ಯಾಕ್ಸ್ ಭಕ್ತಿಯಿಂದ, ಡಿಮಿಲ್ ಕರುಣೆಯಿಂದ. ಮೂವರಲ್ಲಿ ಇಬ್ಬರು ಒಳ್ಳೆಯವರೇ. ಆದರೆ ಮೂರೂ ಸುಳ್ಳುಗಳು ಅವಳ ಮೇಲೆ ಮಾಡುವ ಕೆಲಸ ಒಂದೇ. ಒಳ್ಳೆಯ ಉದ್ದೇಶದ ಸುಳ್ಳು ಕಡಿಮೆ ವಿಷ ಎನ್ನುವಂತಿಲ್ಲ.

ಈ ಕತ್ತಲೆಯ ನಡುವೆ ಒಂದು ದೀಪ ಬೆಟ್ಟಿಯದು. ಹೊಸ ವರ್ಷದ ಹಿಂದಿನ ರಾತ್ರಿ ಮತ್ತೆ ಸಿಗುತ್ತಾಳೆ. ಅವನ ಹಳೆಯ ಕಥೆಯೊಂದನ್ನು ಹುಡುಕಿ ತರಿಸಿ ಓದಿದ್ದಾಳೆ. ಇಷ್ಟವಾಯಿತೇ ಎಂದರೆ ಇಲ್ಲ ಎನ್ನುತ್ತಾಳೆ. ಆದರೆ ಅದರೊಳಗಿನ ಸುಮಾರು ಆರು ಪುಟ, ಒಬ್ಬ ಶಿಕ್ಷಕಿಯ ಹಿಂದಿನ ಬದುಕು ಬರುವ ಭಾಗ, ಅದು ಮಾತ್ರ ನಿಜ, ಉಳಿದದ್ದೆಲ್ಲ ಗದ್ದಲ ಎಂಬುದು ಅವಳ ತೀರ್ಪು. ಇಡೀ ಚಿತ್ರದಲ್ಲಿ ಜೋ ಮತ್ತೆ ಪೆನ್ನು ಹಿಡಿಯುವುದು ಈ ಒಂದು ಮಾತಿನಿಂದ. ರಾತ್ರಿ ಕದ್ದು ಹೋಗಿ ಅವಳ ಆಫೀಸಿನಲ್ಲಿ ಕೂತು ಬರೆಯುತ್ತಾನೆ: ಶಿಕ್ಷಕಿಗೆ ಹಗಲು ಶಾಲೆ, ಶಿಕ್ಷಕನಿಗೆ ರಾತ್ರಿ ಶಾಲೆ, ಬಾಡಿಗೆ ಉಳಿಸಲು ಒಂದೇ ಕೋಣೆಯನ್ನು ಪಾಳಿಯ ಮೇಲೆ ಹಂಚಿಕೊಂಡವರು, ಒಬ್ಬರನ್ನೊಬ್ಬರು ನೋಡಿಯೇ ಇಲ್ಲ.

ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಬೆಟ್ಟಿಯ ರೀತಿ ಬೇಗ ಅರ್ಥವಾಗುತ್ತದೆ. ನಾವು ಬರೆದ ಕೋಡನ್ನು ಇನ್ನೊಬ್ಬರು ಸಾಲುಸಾಲಾಗಿ ನೋಡದೆ ಒಳಕ್ಕೆ ಬಿಡುವುದಿಲ್ಲ. ಅಲ್ಲಿ ‘ಚೆನ್ನಾಗಿದೆ’ ಎಂದಷ್ಟೇ ಬರೆದರೆ ಓದಿಲ್ಲವೆಂದೇ ಅರ್ಥ. ಎಷ್ಟನೆಯ ಸಾಲು, ಯಾವ ಸಂದರ್ಭದಲ್ಲಿ ಮುರಿಯುತ್ತದೆ ಎಂದು ತೋರಿಸಿದವರಿಗೆ ಮರ್ಯಾದೆ. ಬೈದದ್ದು ಕೋಡಿಗೆ, ಬರೆದವನಿಗಲ್ಲ ಎಂಬುದು ಇಬ್ಬರಿಗೂ ಗೊತ್ತು. ವಾರವಿಡೀ ಈ ಶಿಸ್ತಿನಲ್ಲಿ ಬದುಕುವ ನಾವು ಶನಿವಾರದ ಸಾಹಿತ್ಯ ಕೂಟಕ್ಕೆ ಬಂದ ಕೂಡಲೇ ಅದನ್ನು ಚಪ್ಪಲಿಯ ಜತೆ ಬಾಗಿಲ ಹೊರಗೆ ಬಿಡುವುದೇಕೆ?

ಕೊನೆಗೆ ನಾರ್ಮಾಗೆ ನಿಜ ಹೇಳುವವನು ಜೋ. ಪ್ರೇಕ್ಷಕರು ಎಂದೋ ಎದ್ದುಹೋದರು, ಸ್ಟುಡಿಯೋದವರಿಗೆ ಬೇಕಿದ್ದದ್ದು ನಿನ್ನ ಕಾರು ಎನ್ನುತ್ತಾನೆ. ಎಲ್ಲ ನಿಜವೇ. ಆದರೆ ಯಾವಾಗ ಹೇಳಿದ? ತಿಂಗಳುಗಟ್ಟಲೆ ಉಂಡು, ಉಟ್ಟು, ಪೆಟ್ಟಿಗೆ ಕಟ್ಟಿಕೊಂಡು ಹೊರಟು ನಿಂತಾಗ. ಮೊದಲ ದಿನ ಆ ಕಟ್ಟಿನಲ್ಲಿ ಉಳಿಯಬಲ್ಲ ನಾಲ್ಕು ಪುಟ ಹುಡುಕಿ ತೋರಿಸಿದ್ದರೆ ಅದು ವಿಮರ್ಶೆಯಾಗುತ್ತಿತ್ತು. ಕೊನೆಯ ದಿನ ಹೇಳಿದ ಅದೇ ಸತ್ಯ ಬರೀ ಏಟು. ಅವಳು ಗುಂಡು ಹಾರಿಸುತ್ತಾಳೆ.

ಚಿತ್ರದಲ್ಲಿ ಕೊರತೆಯಿಲ್ಲವೇ? ಇದೆ. ನಮ್ಮ ಮುಖ್ಯ ತಕರಾರು ಬೆಟ್ಟಿಯನ್ನು ನಡೆಸಿಕೊಂಡ ಬಗೆಯ ಮೇಲೆ. ಇಷ್ಟು ಒಳ್ಳೆಯ ಓದುಗಳನ್ನು ಸೃಷ್ಟಿಸಿ ವೈಲ್ಡರ್ ಅವಳನ್ನು ಪ್ರೇಮಕ್ಕೆ ಬೀಳಿಸಿಬಿಡುತ್ತಾನೆ. ಅಲ್ಲಿಂದ ಮುಂದೆ ಅವಳು ಬರಹದ ಬಗ್ಗೆ ಹೇಳುವುದು ಕಡಿಮೆ, ಅಳುವುದು ಹೆಚ್ಚು. ಪ್ರೀತಿಯಿಲ್ಲದೆಯೂ ಒಬ್ಬರ ಬರಹವನ್ನು ಶ್ರದ್ಧೆಯಿಂದ ಓದಬಹುದು ಎಂಬ ಸಾಧ್ಯತೆಯನ್ನು ಚಿತ್ರ ಅರ್ಧಕ್ಕೇ ಕೈಬಿಡುತ್ತದೆ. ಅವರಿಬ್ಬರ ಚಿತ್ರಕಥೆ ಏನಾಯಿತು, ಮುಗಿದರೆ ಚೆನ್ನಾಗಿರುತ್ತಿತ್ತೇ ಎಂಬುದೂ ತಿಳಿಯುವುದಿಲ್ಲ.

ಕುತೂಹಲದ ಸಂಗತಿಯೆಂದರೆ ಈ ಚಿತ್ರವೇ ನಿಷ್ಠುರ ಪ್ರತಿಕ್ರಿಯೆಗಳಿಂದ ರೂಪುಗೊಂಡದ್ದು. ವೈಲ್ಡರ್ ನಮ್ಮಂತೆಯೇ ವಲಸಿಗ. 1906ರಲ್ಲಿ ಆಗಿನ ಆಸ್ಟ್ರಿಯಾ-ಹಂಗೆರಿಯಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಜರ್ಮನ್ ಚಿತ್ರಗಳಿಗೆ ಬರೆಯುತ್ತಿದ್ದವನು 1933ರಲ್ಲಿ ಹಿಟ್ಲರ್ ಬಂದಾಗ ದೇಶ ಬಿಟ್ಟ. 1934ರಲ್ಲಿ ಹಾಲಿವುಡ್ ತಲುಪಿದಾಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಚಾರ್ಲ್ಸ್ ಬ್ರ್ಯಾಕೆಟ್ ಎಂಬ ಸಹಲೇಖಕನ ಜತೆ ಜಗಳವಾಡುತ್ತಲೇ ವರ್ಷಗಟ್ಟಲೆ ಬರೆದ. ಇಬ್ಬರೂ ಸೇರಿ ಮಾಡಿದ ‘ದಿ ಎಂಪರರ್ ವಾಲ್ಟ್ಜ್’ (1948) ಚಿತ್ರವನ್ನು ಡಿ. ಎಂ. ಮಾರ್ಷ್‌ಮನ್ ಎಂಬ ಪತ್ರಕರ್ತ ವಿಮರ್ಶಿಸಿದ. ಆ ಟೀಕೆ ಮನಸ್ಸಿಗೆ ಹಿಡಿಸಿ, ಇವರು ಅವನನ್ನೇ ಕರೆದು ‘ಸನ್‌ಸೆಟ್ ಬುಲೆವಾರ್ಡ್’ಗೆ ಮೂರನೆಯ ಬರಹಗಾರನನ್ನಾಗಿ ಮಾಡಿಕೊಂಡರು. ತಪ್ಪು ಎತ್ತಿ ತೋರಿಸುವವರು ಊರಿಗೆ ಬೇಕೆಂದು ಪುರಂದರದಾಸರು ಹಾಡಿ ಶತಮಾನಗಳೇ ಕಳೆದಿವೆ. ಹಾಲಿವುಡ್ಡಿನ ಇಬ್ಬರು ಅಂಥವನಿಗೆ ಸಂಬಳವನ್ನೇ ಕೊಟ್ಟರು! ಮೂವರಿಗೂ ಆಸ್ಕರ್ ಬಂತು.

ಇನ್ನೂ ಒಂದು. ಚಿತ್ರ ಮೊದಲು ಶುರುವಾಗುತ್ತಿದ್ದದ್ದು ಈಜುಕೊಳದಿಂದಲ್ಲ, ಶವಾಗಾರದಿಂದ. ಅಲ್ಲಿ ಹೆಣಗಳು ಪರಸ್ಪರ ಮಾತಾಡುತ್ತಿದ್ದವು. ಇಲಿನಾಯ್‌ನ ಇವಾನ್‌ಸ್ಟನ್ ಊರಿನಲ್ಲಿ ಪರೀಕ್ಷಾರ್ಥ ತೋರಿಸಿದಾಗ ಜನ ಗೊಳ್ಳೆಂದು ನಕ್ಕರು. ಬಿಗಿಯಾಗಬೇಕಾದ ಜಾಗದಲ್ಲಿ ನಗು! ವೈಲ್ಡರ್ ಪ್ರೇಕ್ಷಕರಿಗೆ ತಿಳಿವಳಿಕೆ ಸಾಲದೆಂದು ಗೊಣಗಿ ಸುಮ್ಮನಾಗಲಿಲ್ಲ. ದೃಶ್ಯವನ್ನು ಕಿತ್ತೆಸೆದ. ಆದರೆ ಸತ್ತವನು ಕಥೆ ಹೇಳುತ್ತಾನೆಂಬ ಮೂಲ ಕಲ್ಪನೆ ಬಿಡಲಿಲ್ಲ. ಪ್ರತಿಕ್ರಿಯೆಯನ್ನು ಬಳಸಿಕೊಳ್ಳುವ ಸರಿಯಾದ ರೀತಿ ಇದೇ ಅನ್ನಿಸುತ್ತದೆ. ಎಲ್ಲಿ ತಪ್ಪಿದೆ ಎಂಬುದನ್ನು ಓದುಗರು ಹೇಳಬಲ್ಲರು. ಅದಕ್ಕೆ ಪರಿಹಾರ ಹುಡುಕುವುದು ಬರೆದವನ ಕೆಲಸ.

ಇಂದಿನ ಹಾಲಿವುಡ್ಡಿನಲ್ಲಿ ಬೆಟ್ಟಿಯ ಕೆಲಸಕ್ಕೆ ‘ಕವರೇಜ್’ ಎಂಬ ಹೆಸರಿದೆ: ಕಥೆಯ ಸಾರ, ಒಂದಿಷ್ಟು ಟೀಕೆ, ಕೊನೆಗೆ ಬೇಡ, ಯೋಚಿಸಬಹುದು, ಖಂಡಿತ ಓದಿ ಎಂಬ ಮೂರರಲ್ಲಿ ಒಂದು ತೀರ್ಪು. 2005ರಲ್ಲಿ ಫ್ರಾಂಕ್ಲಿನ್ ಲೆನರ್ಡ್ ಶುರುಮಾಡಿದ ‘ಬ್ಲ್ಯಾಕ್ ಲಿಸ್ಟ್’ 2012ರಿಂದ ದುಡ್ಡು ತೆಗೆದುಕೊಂಡು ಯಾರ ಚಿತ್ರಕಥೆಯನ್ನಾದರೂ ಓದಿಸಿ ಅಂಕ ಕೊಡಿಸುತ್ತಿದೆ. ಗುರುತಿಲ್ಲದವರ ಓದು ಫ್ರೀಲಾನ್ಸ್ ಬರಹಗಾರನಿಗೆ ಈಗ ಕೊಂಡುಕೊಳ್ಳಬಹುದಾದ ಸರಕು. ಇತ್ತ ಯಂತ್ರಗಳು ಮ್ಯಾಕ್ಸನ ಕೆಲಸಕ್ಕೂ ಕೈಹಾಕಿವೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಯ ಹೊಸ ಬದಲಾವಣೆಯೊಂದನ್ನು, ಅತಿಯಾಗಿ ಹೊಗಳುತ್ತದೆಂಬ ಕಾರಣಕ್ಕೇ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಹೊಗಳಿಕೆ ಇಷ್ಟು ಅಗ್ಗವಾದ ಕಾಲದಲ್ಲಿ ನಮ್ಮ ಬಳಗವೂ ಅದನ್ನೇ ಹಂಚಿದರೆ ಕೂಟ ಸೇರುವ ಅಗತ್ಯವೇನು?

ಪರದೇಶದಲ್ಲಿ ಕನ್ನಡದಲ್ಲಿ ಬರೆಯುವವರೇ ನಾಲ್ಕು ಜನ, ಅವರನ್ನೂ ಎದೆಗುಂದಿಸಬಾರದು ಎಂಬ ವಾದ ಗೊತ್ತಿದೆ. ಅದರಲ್ಲಿ ಡಿಮಿಲ್‌ನ ಕರುಣೆಯಿದೆ, ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕೇ ಜನ ಇರುವುದರಿಂದಲೇ ಒಬ್ಬೊಬ್ಬರ ಬರಹವೂ ಗಂಭೀರವಾದ ಓದಿಗೆ ಅರ್ಹ. ಕೆಲಸ ಬಿಡಲು ಹೊರಟ ಗೆಳೆಯರಿಗೆ ನಾವು ಬಿಡು, ಬಿಡಬೇಡ ಎಂದು ಹೇಳುವುದು ಬೇಡ. ಅದು ಅವರ ಮನೆಯ ವಿಚಾರ. ಅವರ ಮೂವತ್ತು ಪುಟಗಳಲ್ಲಿ ನಮ್ಮ ಗಮನ ಎಷ್ಟನೆಯ ಪುಟದಲ್ಲಿ ಜಾರಿತು, ಯಾವ ಪುಟದಲ್ಲಿ ಮೈ ಝುಮ್ಮೆಂದಿತು ಎಂದು ಹೇಳೋಣ. ಅವರ ಕಥೆಯ ಜಾಗದಲ್ಲಿ ನಮ್ಮ ಕಥೆ ಕೂರಿಸುವುದು ಬೇಡ. ಮತ್ತು ಹೇಳುವುದನ್ನು ಈಗಲೇ ಹೇಳೋಣ, ರಾಜೀನಾಮೆ ಕೊಟ್ಟಾದ ಮೇಲಲ್ಲ.

ಬರುವ ತಿಂಗಳ ಕೂಟಕ್ಕೆ ಒಂದು ಸೂಚನೆ. ಚಿತ್ರಕಥೆಯ ಪ್ರತಿ ವಾರ ಮುಂಚೆಯೇ ಎಲ್ಲರಿಗೂ ತಲುಪಲಿ, ಓದಿದವರು ಪುಟಸಂಖ್ಯೆ ಗುರುತು ಹಾಕಿಕೊಂಡು ಬರಲಿ, ಚರ್ಚೆ ಮುಗಿಯುವತನಕ ಅಡುಗೆಮನೆಯ ಕಡೆ ಯಾರೂ ಹೋಗುವುದು ಬೇಡ. ಹೊಟ್ಟೆ ತುಂಬಿದ ಮೇಲೆ ನಿಷ್ಠುರವಾಗುವುದು ಕಷ್ಟ.

ಈ ಬರಹಕ್ಕೂ ಅದೇ ನಿಯಮ. ನಿಮ್ಮ ಪ್ರತಿಕ್ರಿಯೆಗೆ ಕಾಯುತ್ತಿರುತ್ತೇವೆ. ‘ಲೇಖನ ಚೆನ್ನಾಗಿದೆ’ ಎಂದಷ್ಟೇ ಬರೆದವರ ಪತ್ರವನ್ನು ಮ್ಯಾಕ್ಸ್ ಬರೆದದ್ದೆಂದು ಪರಿಗಣಿಸಲಾಗುವುದು!